ಹಸಿರಾದ ಬೀಗರು

ಹೆಂಡತಿ ಮಾತು ಕೇಳುವುದಿಲ್ಲ ಎಂಬುದು ಲೋಕದ ಗಂಡಂದಿರೆಲ್ಲರ ದೂರು. ಲಕ್ಷ್ಮೀಪುರಂನ ಶಿವಪ್ರಕಾಶರ ದೂರು ಅದಲ್ಲ. ಮಾತು ಕೇಳದಿದ್ದರೆ ಹಾಳಾಗಿ ಹೋಗಲಿ, ತಾವು ಬಳಿದ ಬಣ್ಣವನ್ನಾದರೂ ಕಣ್ಣೆತ್ತಿ ನೋಡಬಾರದೇ ಎಂಬುದು ಅವರ ಕೊರಗು. ಬಣ್ಣವೆಂದರೆ ಗೋಡೆಯ ಬಣ್ಣವಲ್ಲ (ಗೋಡೆ ಸುಣ್ಣ ಕಂಡು ಆರು ವರ್ಷವಾಗಿತ್ತು, ಅದು ಹೆಂಡತಿ ಕುಸುಮಮ್ಮನವರ ದೂರು). ಇದು ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳಿಗೆ ಹತ್ತುವ ಬಣ್ಣ.

ಜಯಲಕ್ಷ್ಮಿಪುರಂನ ಒಂದು ಕಾಲೇಜಿನ ಕಚೇರಿಯಲ್ಲಿ ಶಿವಪ್ರಕಾಶರು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಸವೆದು ಅವರು ಕಂಡುಕೊಂಡ ಪರಮಸತ್ಯ ಒಂದಿತ್ತು. ಅಕ್ಷರ ಬರೆದು ತಿದ್ದುವ ತಂತ್ರಾಂಶವಾದ ಟೆಕ್ಸ್ಟ್ ಎಡಿಟರ್ ಫೈಲಿನೊಳಗೆ ಏನಿದೆ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಬರೆಯುವ ಎರಡು ಮೂರಕ್ಷರದ ಬಾಲವೊಂದಿರುತ್ತದಲ್ಲ, ಎಕ್ಸ್‌ಟೆನ್ಷನ್ ಅನ್ನುತ್ತಾರೆ, ಎಡಿಟರ್ ಆ ಬಾಲವನ್ನಷ್ಟೇ ನೋಡುತ್ತದೆ. ಈ ಬಾಲ ಕಂಡರೆ ಈ ನಿಯಮದಂತೆ ಬಣ್ಣ ಬಳಿ, ಆ ಬಾಲ ಕಂಡರೆ ಆ ನಿಯಮದಂತೆ ಬಳಿ ಎಂದು ಒಮ್ಮೆ ಹೇಳಿಕೊಟ್ಟರೆ ಮುಗಿಯಿತು, ಮರುಮಾತಿಲ್ಲದೆ ಬಳಿಯುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ಮರುಮಾತಿಲ್ಲದ ಪ್ರಾಣಿಯನ್ನೇ ಕಾಣದಿದ್ದ ಶಿವಪ್ರಕಾಶರು ಅದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರೋಗ್ರಾಂ ಬರೆಯುವವರು ತಮ್ಮ ತಪ್ಪು ಬೇಗ ಕಣ್ಣಿಗೆ ಬೀಳಲೆಂದು ಮಾಡಿಕೊಂಡ ಈ ಏರ್ಪಾಡನ್ನು ಅವರು ಸಂಸಾರಕ್ಕೆ ಅನ್ವಯಿಸಿದರು. ದಿನಸಿ ಪಟ್ಟಿಗೆ ‘.ಪಡಿ’ ಎಂಬ ಬಾಲ ಬಂತು. ಮನೆಯಲ್ಲಿರುವ ಪದಾರ್ಥ ಹಸಿರು, ಮುಗಿದದ್ದು ಕೆಂಪು. ಕುಸುಮಮ್ಮ ಮಾತ್ರ ಎಂದಿನಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಗೀಚಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಅವರು ಕಾಫಿಗೆ ಹಾಲಿಲ್ಲ, ತಂದುಕೊಡಿ ಎಂದರು. ಶಿವಪ್ರಕಾಶರು ಲ್ಯಾಪ್‌ಟಾಪ್ ತೆರೆದು ನೋಡಿ ಹಾಲು ಇದೆಯಲ್ಲ ಎಂದರು. ಪಾತ್ರೆ ನೋಡಿದಿರಾ ಎಂದು ಆಕೆ ಕೇಳಿದ್ದಕ್ಕೆ, ಪಾತ್ರೆ ಯಾಕೆ ನೋಡಬೇಕು, ಹಾಲು ಹಸಿರಾಗಿದೆ ಎಂದರು. ಹಾಲು ಹಸಿರಾಗಿದ್ದರೆ ನೀವೇ ಕುಡಿಯಿರಿ ಎಂದು ಕುಸುಮಮ್ಮ ಖಾಲಿ ಪಾತ್ರೆಯನ್ನು ಅವರ ಮುಂದೆ ಇಟ್ಟು ಹೋದರು. ಆ ದಿನ ಕರಿ ಕಾಫಿಯಾಯಿತು.

ಹೀಗಿರುವಾಗ ಮಗಳು ಬಿಂದುವಿಗೆ ಮದುವೆ ಗೊತ್ತಾಯಿತು. ಹುಡುಗ ಲಿಖಿತ್, ರೇಷ್ಮೆ ಇಲಾಖೆಯಲ್ಲಿ ಕೆಲಸ, ಟಿ. ನರಸೀಪುರದ ಕಡೆಯವನು. ಅವನ ತಂದೆ ಬಸವರಾಜು ಬಸ್ ಡಿಪೋವೊಂದರಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತರಾದ ಸಜ್ಜನರು. ಎಲ್ಲವೂ ಸರಿಯಾಗಿತ್ತು, ಬೀಗರೂಟವೊಂದನ್ನು ಬಿಟ್ಟು.

ಈ ಸೀಮೆಯ ಗೌಡರ ಮನೆಗಳಲ್ಲಿ ಮದುವೆಗೆ ಎರಡು ಊಟ. ತಾಳಿ ಕಟ್ಟಿದ ದಿನದ ಸಿಹಿಯೂಟ ದೇವರಿಗೆ, ಪುರೋಹಿತರಿಗೆ ಮತ್ತು ಫೋಟೋದವರಿಗೆ. ಮೂರನೆಯ ದಿನ ಹೆಣ್ಣಿನವರು ಗಂಡಿನ ಕಡೆಯವರಿಗೆ ಹಾಕಿಸುವ ಬೀಗರೂಟ ಮನುಷ್ಯರಿಗೆ. ಅದು ಬಾಡೂಟ. ಮದುವೆಯ ಪಾಯಸಕ್ಕೆ ಸಕ್ಕರೆ ಕಡಿಮೆಯಾದರೆ ಜನ ಮರೆಯುತ್ತಾರೆ. ಬೀಗರೂಟದಲ್ಲಿ ತುಂಡು ಕಡಿಮೆಯಾದರೆ ಮೊಮ್ಮಕ್ಕಳ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಬಸವರಾಜು ಅವರ ಮನೆಯಲ್ಲಂತೂ ಇದಕ್ಕೆ ಒಬ್ಬ ಖಾಯಂ ನ್ಯಾಯಾಧೀಶರಿದ್ದರು. ಬಸವರಾಜು ಅವರ ಚಿಕ್ಕಪ್ಪ ಚಿಕ್ಕಬಸವಯ್ಯ, ವಯಸ್ಸು ಎಪ್ಪತ್ತೆಂಟು, ಹಲ್ಲು ಮೂವತ್ತೆರಡು. ಮನೆಗೆ ಬಂದ ಸೊಸೆ ಎಂಥ ಮನೆತನದವಳು ಎಂಬುದನ್ನು ಅವರು ಅವಳ ತವರಿನ ಬೀಗರೂಟದಲ್ಲೇ ತೀರ್ಮಾನಿಸುತ್ತಿದ್ದರು. ಇಪ್ಪತ್ತೈದು ವರ್ಷದ ಹಿಂದೆ ಸೊಸೆಯೊಬ್ಬಳ ತವರಿನವರು ಸಾರಿಗೆ ನೀರು ಬೆರೆಸಿದರೆಂದು, ಆ ಹೆಣ್ಣುಮಗಳನ್ನು ಇಂದಿಗೂ ಊರಲ್ಲಿ ‘ನೀರ್ಸಾರಿನೋರ ಮಗಳು’ ಎಂದೇ ಕರೆಯುತ್ತಾರಂತೆ.

ಇದನ್ನು ಲಿಖಿತನಿಂದ ಕೇಳಿ ತಿಳಿದ ಬಿಂದು ಅಪ್ಪನ ಪಕ್ಕದಲ್ಲಿ ಬಂದು ಕುಳಿತಳು. "ಅಪ್ಪಾ, ನಂಗೆ ಒಡವೆ ಗಿಡವೆ ಇನ್ನೇನೂ ಬೇಡ. ಅಂಥದ್ದೊಂದು ಹೆಸರು ಬೀಳ್ದೆ ಇದ್ರೆ ಸಾಕು," ಎಂದಳು. ಶಿವಪ್ರಕಾಶರು ಅವಳ ತಲೆ ಸವರಿದರು. ಒಬ್ಬಳೇ ಮಗಳು. ಇಡೀ ಬೀಗರೂಟದ ವ್ಯವಸ್ಥೆ ತಮ್ಮದು, ಯಾರ ಎಲೆಗೂ ಏನೂ ತಪ್ಪದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟರು.

ಮಾತು ಕೊಟ್ಟವರು ನೇರವಾಗಿ ಲ್ಯಾಪ್‌ಟಾಪಿನ ಮುಂದೆ ಕುಳಿತರು. ‘.ಊಟ’ ಎಂಬ ಹೊಸ ಬಾಲ ಹುಟ್ಟಿತು. ಅದಕ್ಕೆ ಎಡಿಟರಿನಲ್ಲಿ ಮೊದಲೇ ಇದ್ದ ಒಂದು ಕಂಪ್ಯೂಟರ್ ಭಾಷೆಯ ನಿಯಮವನ್ನು ಗಂಟು ಹಾಕಿದರು. ಆ ಭಾಷೆಯಲ್ಲಿ ಸಾಲಿನ ಮೊದಲಿಗೆ # ಎಂಬ ಹ್ಯಾಷ್ ಗುರುತು ಇದ್ದರೆ ಇಡೀ ಸಾಲು ಹಸಿರಾಗುತ್ತದೆ. ಉಳಿದ ಸಾಲುಗಳಿಗೆ ಶಿವಪ್ರಕಾಶರು ಕೆಂಪು ಬರುವಂತೆ ಮಾಡಿದರು. ಹಸಿರು ಸಸ್ಯಾಹಾರಿ, ಕೆಂಪು ಬಾಡು. (ಅಸಲಿಗೆ ಆ ಭಾಷೆಯಲ್ಲಿ ಹ್ಯಾಷ್ ಹಾಕಿದ ಸಾಲೆಂದರೆ ‘ಇದನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂದು ಅರ್ಥ. ಬಾಡೂಟದಲ್ಲಿ ಸಸ್ಯಾಹಾರಿಗಿರುವ ಮರ್ಯಾದೆ ನೋಡಿದರೆ ಇದರಲ್ಲಿ ತಪ್ಪೇನೂ ಇಲ್ಲ.) ತಮ್ಮ ಕಡೆಯ ನೂರ ಎಪ್ಪತ್ತು ಜನರ ಹೆಸರು ಬರೆದು, ಕಚೇರಿಯ ಸೂಪರಿಂಟೆಂಡೆಂಟ್ ಸಿದ್ದಲಿಂಗಸ್ವಾಮಿಯವರೂ ಸೇರಿ ಹದಿನಾಲ್ಕು ಮಂದಿ ಸಸ್ಯಾಹಾರಿಗಳಿಗೆ ಹ್ಯಾಷ್ ಹಾಕಿದರು. ಪರದೆಯ ಮೇಲೆ ಕೆಂಪು ಹೊಲದ ನಡುವೆ ಅಲ್ಲಲ್ಲಿ ಹಸಿರು ಗೆರೆಗಳು ಮೂಡಿದವು. ಇಷ್ಟು ಅಂದದ ಪಟ್ಟಿಯನ್ನು ಮೈಸೂರಿನಲ್ಲಿ ಇನ್ನಾರೂ ಮಾಡಿರಲಾರರು ಎಂದು ಅವರಿಗೆ ಅನ್ನಿಸಿತು. ನಿಶ್ಚಿತಾರ್ಥದ ದಿನ ಭಾವೀ ಅಳಿಯನನ್ನು ಕೂರಿಸಿಕೊಂಡು ಅರ್ಧ ಗಂಟೆ ಈ ಪದ್ಧತಿಯನ್ನು ವಿವರಿಸಿದರು. ಲಿಖಿತ್ ತಲೆಯಾಡಿಸಿದ. ಭಾವೀ ಮಾವನ ಮುಂದೆ ಯಾವ ಅಳಿಯ ತಾನೇ ತಲೆಯಾಡಿಸುವುದಿಲ್ಲ?

ಮದುವೆಗೆ ಹತ್ತು ದಿನವಿರುವಾಗ ಬಸವರಾಜು ತಮ್ಮ ಕಡೆಯವರ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ನೂರ ನಲವತ್ತೆರಡು ಹೆಸರು, ಬಾಲ ಮಾಮೂಲಿನದು. ಶಿವಪ್ರಕಾಶರು ಆ ಬಾಲವನ್ನು ಕತ್ತರಿಸಿ ‘.ಊಟ’ ಎಂಬ ಬಾಲ ಅಂಟಿಸಿ ತೆರೆದರು. ಪರದೆ ತುಂಬ ಹಸಿರು. ಮೇಲಿಂದ ಕೆಳಗಿನವರೆಗೆ ಹುಡುಕಿದರೂ ಒಂದು ಕೆಂಪು ಅಕ್ಷರವಿಲ್ಲ. ಪ್ರತಿಯೊಂದು ಸಾಲಿನ ಮೊದಲಿಗೂ ಹ್ಯಾಷ್ ಗುರುತು, ಅದರ ಪಕ್ಕ ಕ್ರಮಸಂಖ್ಯೆ, ಆಮೇಲೆ ಹೆಸರು. ಅಳಿಯ ತನ್ನ ತಂದೆಗೆ ಪದ್ಧತಿಯನ್ನು ಎಷ್ಟು ಚೊಕ್ಕವಾಗಿ ತಿಳಿಸಿದ್ದಾನೆ ಎಂದು ಶಿವಪ್ರಕಾಶರಿಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದ ಕುಸುಮಮ್ಮ ಪರದೆಯತ್ತ ಬಗ್ಗಿದರು.

"ಇದೇನ್ರೀ, ಬೀಗರ ಕಡೆಯೋರೆಲ್ಲ ಹಸಿರಾಗವ್ರೆ?"

"ಸಸ್ಯಾಹಾರಿಗಳು ಕಣೆ. ಎಂಥ ಸಾತ್ವಿಕ ಮನೆತನ ನೋಡು. ಬಿಂದು ಪುಣ್ಯ ಮಾಡಿದ್ಲು."

"ನರಸೀಪುರದ ಕಡೆ ಗೌಡ್ರ ಮನೇಲಿ ನೂರ ನಲವತ್ತೆರಡು ಜನ ಬಾಡು ತಿನ್ನಲ್ವಾ? ಯಾರು ಹೇಳಿದ್ದು?"

"ಫೈಲು."

ಕುಸುಮಮ್ಮ ಲೋಟವನ್ನು ಮೇಜಿನ ಮೇಲೆ ಕುಕ್ಕಿ ವಾದಕ್ಕೆ ನಿಂತರು. ನಿಶ್ಚಿತಾರ್ಥದ ಊಟದಲ್ಲಿ ಚಿಕ್ಕಬಸವಯ್ಯನವರು ಪಾಯಸವನ್ನು ಪಕ್ಕಕ್ಕೆ ಸರಿಸಿ, ಬೀಗರೂಟದ ದಿನ ಹೊಟ್ಟೆ ಖಾಲಿ ಇಟ್ಟುಕೊಂಡು ಬರುತ್ತೇನೆ ಎಂದದ್ದನ್ನು ನೆನಪಿಸಿದರು. ಅದು ಹಿರಿಯರ ಸೌಜನ್ಯದ ಮಾತು ಎಂದರು ಶಿವಪ್ರಕಾಶರು. ಅಷ್ಟೂ ಜನ ಒಟ್ಟಿಗೆ ಹೇಗೆ ಬಾಡು ಬಿಟ್ಟರು ಎಂದು ಆಕೆ ಕೇಳಿದರೆ, ನರಸೀಪುರ ಎಷ್ಟಾದರೂ ನದಿಗಳು ಕೂಡುವ ತೀರ್ಥಕ್ಷೇತ್ರ, ನೀರಿನ ಪ್ರಭಾವ ಇರಬಹುದು ಎಂದರು. ಒಂದು ಫೋನು ಮಾಡಿ ಕೇಳಿಬಿಡಿ ಎಂದರು ಕುಸುಮಮ್ಮ. ಆಗ ಮಾತ್ರ ಶಿವಪ್ರಕಾಶರು ಬ್ರಹ್ಮಾಸ್ತ್ರ ತೆಗೆದರು.

"ಬೀಗರಿಗೆ ಫೋನ್ ಮಾಡಿ, ನೀವು ಬಾಡು ತಿಂತೀರಾ ಅಂತ ಕೇಳೋದಾ? ಹೆಣ್ಣು ಕೊಟ್ಟೋರು ಈಗ್ಲೇ ತುಂಡು ಎಣಿಸ್ತಾವ್ರೆ ಅನ್ನಲ್ವಾ ಅವ್ರು?"

ಬೀಗರನ್ನು ಹಾಗೆ ಕೇಳುವ ಪದ್ಧತಿ ಎರಡೂ ಕಡೆ ಇಲ್ಲ. ಕುಸುಮಮ್ಮ ಅಡುಗೆಮನೆಗೆ ಹೋದರು. ಹೆಂಡತಿ ಸುಮ್ಮನಾದಳೆಂದರೆ ತಾವು ಗೆದ್ದೆವು ಎಂದು ಶಿವಪ್ರಕಾಶರು ಭಾವಿಸಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಹೀಗೆ ಭಾವಿಸುವುದು ಅಪರೂಪ.

ಅಡುಗೆಯ ಗುತ್ತಿಗೆ ಮಂಡಿ ಮೊಹಲ್ಲಾದ ಸಣ್ಣಯ್ಯನದು. ಬಾಡೂಟದಲ್ಲಿ ನಲವತ್ತು ವರ್ಷ ಸೌಟು ಹಿಡಿದ ಕೈ. ಶಿವಪ್ರಕಾಶರು ಅವನಿಗೆ ಫೋನಿನಲ್ಲಿ ಕೆಂಪು ನೂರ ಐವತ್ತಾರು, ಹಸಿರು ನೂರ ಐವತ್ತಾರು ಎಂದು ಬರೆಸಿದರು. ಎರಡೂ ಸಂಖ್ಯೆ ಒಂದೇ ಬಂದದ್ದು ಅವರಿಗೆ ಶುಭಶಕುನವಾಗಿ ಕಂಡಿತು. ಆ ಕಡೆಯಿಂದ ಹಸಿರು ಎಷ್ಟು ಎಂದು ಎರಡು ಸಲ ಕೇಳಿಬಂತು. ಆಮೇಲೆ ಸಣ್ಣಯ್ಯ, ಬೀಗರು ಯಾವ ಕಡೆಯವರು ಎಂದು ಕೇಳಿದ. ನರಸೀಪುರ ಎಂದು ತಿಳಿದ ಮೇಲೆ ಸರಿ ಬುಡಿ ಎಂದು ಫೋನಿಟ್ಟ.

ಮದುವೆ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ ಛತ್ರದಲ್ಲಿ ಬೀಗರೂಟ. ಶಿವಪ್ರಕಾಶರು ಮೇಜಿಗೆ ಹಾಸುವ ಕಾಗದವನ್ನೂ ಎರಡು ಬಣ್ಣದ್ದು ತರಿಸಿದ್ದರು. ಬಲಗಡೆಯ ಸಾಲುಗಳಿಗೆ ಕೆಂಪು, ಎಡಗಡೆಯವಕ್ಕೆ ಹಸಿರು. ಕಾಗದದ ಬಣ್ಣ ನೋಡಿ ಬಡಿಸಬೇಕು, ಮುಖ ನೋಡಬಾರದು ಎಂದು ಬಡಿಸುವವರಿಗೆ ಬೆಳಿಗ್ಗೆಯೇ ಪಾಠವಾಗಿತ್ತು. ಒಳಗಿನಿಂದ ಮಸಾಲೆಯ ಘಮ ಬರುತ್ತಿತ್ತು. ಶಿವಪ್ರಕಾಶರು ತಿಂಡಿಗೆ ಎರಡೇ ಇಡ್ಲಿ ತಿಂದು ಜಾಗ ಉಳಿಸಿಕೊಂಡಿದ್ದರು; ಕೈಮಾ ಉಂಡೆಯ ಸಾರೆಂದರೆ ಅವರಿಗೆ ಪ್ರಾಣ.

ಎರಡು ಬಸ್ಸು ತುಂಬ ಬೀಗರು ಬಂದಿಳಿದರು. ಶಿವಪ್ರಕಾಶರು ಚಿಕ್ಕಬಸವಯ್ಯನವರ ಕೈ ಹಿಡಿದು ಹಸಿರು ಸಾಲಿನ ಮೊದಲ ಎಲೆಗೆ ಕರೆದೊಯ್ದರು. ಪಕ್ಕದಲ್ಲಿ ಬಸವರಾಜು, ಎದುರಿಗೆ ಲಿಖಿತ್ ಮತ್ತು ಬಿಂದು. ಎಲೆಗೆ ಉಪ್ಪು, ಕೋಸಂಬರಿ, ಬೀನ್ಸ್ ಪಲ್ಯ, ಮಸಾಲೆ ವಡೆ ಬಂದವು. ಚಿಕ್ಕಬಸವಯ್ಯ ಅವನ್ನೆಲ್ಲ ಒಂದೇ ಬೆರಳಿನಿಂದ ಎಲೆಯ ಅಂಚಿಗೆ ತಳ್ಳಿ, ನಡುವೆ ಅಗಲವಾದ ಬಯಲು ಮಾಡಿಕೊಂಡು, ತೋಳು ಮಡಿಸಿ ಕಾದರು. ಹಿರಿಯರು ಎಷ್ಟು ಅಚ್ಚುಕಟ್ಟು ಎಂದು ಶಿವಪ್ರಕಾಶರು ಮೆಚ್ಚಿದರು.

"ಪಟ್ಟಿ ಸರಿಯಾಗಿ ಬಂತಾ ಬೀಗರೇ?" ಎಂದು ಬಸವರಾಜು ಲೋಕಾಭಿರಾಮವಾಗಿ ವಿಚಾರಿಸಿದರು. "ಡಿಪೋದ ಅಭ್ಯಾಸ ನೋಡಿ. ಮೂವತ್ತು ವರ್ಷ ಸ್ಪೇರ್ ಪಾರ್ಟ್ಸ್ ಪಟ್ಟಿ ಬರೆದೂ ಬರೆದೂ, ನಂಬರಿಗೆ ಮೊದ್ಲು ಹ್ಯಾಷ್ ಹಾಕ್ದೆ ಕೈಯೇ ಓಡಲ್ಲ."

ಶಿವಪ್ರಕಾಶರು ನಗಲು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು, ನಗು ಬರಲಿಲ್ಲ. ಗೇರ್‌ಬಾಕ್ಸಿಗೂ ಕ್ಲಚ್ ಪ್ಲೇಟಿಗೂ ಹಾಕಿದ ಕೈಯಲ್ಲೇ ಬಸವರಾಜು ತಮ್ಮ ಬಂಧುಬಳಗಕ್ಕೂ ಹ್ಯಾಷ್ ಹಾಕಿದ್ದರು. ಬಾಲ ಬದಲಿಸಿದ್ದು ತಾವು, ಬಣ್ಣ ಬಳಿದದ್ದು ಯಂತ್ರ, ಆ ಹಸಿರನ್ನು ನಂಬಿದ್ದು ಮತ್ತೆ ತಾವೇ. ಅವರು ಅಡುಗೆಮನೆಯತ್ತ ಓಡಬೇಕೆಂದು ತಿರುಗುವಷ್ಟರಲ್ಲಿ ಚಿಕ್ಕಬಸವಯ್ಯನವರು ಖಾಲಿ ಮಾಡಿಟ್ಟುಕೊಂಡಿದ್ದ ಬಯಲಿಗೆ ಒಬ್ಬಟ್ಟು ಬಿತ್ತು. ಅದರ ಹಿಂದೆಯೇ ಅನ್ನ. ಅನ್ನದ ಮೇಲೆ ತಿಳಿಸಾರು.

ಮುದುಕರು ತಿಳಿಸಾರನ್ನು ನೋಡಿದರು. ಅದು ಎಲೆಯಿಂದ ಹರಿದು ಮೇಜಿನ ಅಂಚಿನವರೆಗೆ ಹೋಗುವುದನ್ನೂ ನೋಡಿದರು. ಅವರು ಕೈ ಹಾಕದೆ ಉಳಿದವರು ಹಾಕುವಂತಿಲ್ಲ, ನೂರ ನಲವತ್ತೊಂದು ಜನ ಅವರ ಮುಖವನ್ನೇ ನೋಡುತ್ತಿದ್ದರು.

"ಬೀಗರೇ," ಎಂದರು ಚಿಕ್ಕಬಸವಯ್ಯ ಬಹಳ ಮೆತ್ತಗೆ. "ಮನೇಲಿ ಏನಾದ್ರೂ ಸೂತಕವಾ?"

ಶಿವಪ್ರಕಾಶರು ಮಗಳತ್ತ ನೋಡಿದರು. ಎದುರಿಗೆ ಬಿಂದು ತಲೆ ತಗ್ಗಿಸಿ ಕುಳಿತಿದ್ದಳು. ತಗ್ಗಿಸಿದ್ದರೂ ಅವಳ ಕಣ್ಣು ತುಂಬಿದ್ದು ಕಾಣುತ್ತಿತ್ತು. ಇನ್ನು ಐವತ್ತು ವರ್ಷ ತನ್ನ ಮಗಳನ್ನು ಆ ಊರಿನಲ್ಲಿ ಏನೆಂದು ಕರೆಯುತ್ತಾರೋ ಎಂದು ನೆನೆದು ಅವರಿಗೆ ಅಳುವೇ ಬಂತು. ಅವಳಿಗೆ ಕೆಟ್ಟ ಹೆಸರು ಬರದಿರಲಿ, ಬದಲಿಗೆ ತಾನು ಏನು ಬೇಕಾದರೂ ಅನುಭವಿಸುತ್ತೇನೆ ಎಂದು ಮನಸ್ಸಿನಲ್ಲೇ ಬೆಟ್ಟದ ತಾಯಿಗೆ ಕೈಮುಗಿದರು. (ಬೇಡಿಕೊಳ್ಳುವವರು ‘ಏನು ಬೇಕಾದರೂ’ ಎನ್ನಬಾರದು. ದೇವರು ಕೇಳಿಸಿಕೊಳ್ಳದಿದ್ದರೂ ಹೆಂಡತಿ ಹತ್ತಿರದಲ್ಲೇ ಇರುತ್ತಾಳೆ.)

ಕುಸುಮಮ್ಮ ಅಡುಗೆಮನೆಯ ಬಾಗಿಲಿನಿಂದ ಸೆರಗು ಸಿಕ್ಕಿಸಿಕೊಂಡು ಬಂದು ಚಿಕ್ಕಬಸವಯ್ಯನವರ ಮುಂದೆ ಕೈಮುಗಿದು ನಿಂತರು.

"ಸೂತಕ ಅಲ್ಲ ಕಣ್ರಪ್ಪಾ, ಹರಕೆ. ಮಗಳ ಮದ್ವೆ ಸುಸೂತ್ರವಾಗಿ ಆದ್ರೆ ಒಂದು ವರ್ಷ ಬಾಡು ಮುಟ್ಟಲ್ಲ ಅಂತ ನಮ್ಮ ಯಜಮಾನ್ರು ಬೆಟ್ಟದ ತಾಯಿಗೆ ಹರಕೆ ಹೊತ್ತವ್ರೆ. ಆ ಹರಕೆ ಊಟನ ಮೊದ್ಲು ಬೀಗರು ಒಂದು ತುತ್ತು ಬಾಯಿಗಿಟ್ಟು ಹರಸ್ಬೇಕು, ಆಮೇಲೆ ಅವ್ರು ಉಣ್ಣಬೇಕು. ಒಂದು ತುತ್ತು ಮುಟ್ಟಿ ಸಾಕು, ನಿಮ್ಮೂಟ ಹಿಂದೇನೇ ಬತ್ತಾದೆ."

ಇಂಥದೊಂದು ಶಾಸ್ತ್ರ ಯಾವ ಪುರಾಣದಲ್ಲೂ ಇಲ್ಲ. ಅಡುಗೆಮನೆಯ ಬಾಗಿಲಿನಿಂದ ಆ ಎಲೆಯವರೆಗೆ ಇದ್ದ ಹನ್ನೊಂದು ಹೆಜ್ಜೆಯಲ್ಲಿ ಕುಸುಮಮ್ಮ ಅದನ್ನು ರಚಿಸಿದ್ದರು. ಆದರೆ ಆಕೆ ಕಣ್ಸನ್ನೆ ಮಾಡಿದ ಕೂಡಲೇ ಒಳಗಿನಿಂದ ಹೊಸ ಎಲೆಗಳೂ ಅವುಗಳ ಹಿಂದೆ ಮುದ್ದೆ, ಬೋಟಿ ಗೊಜ್ಜು, ಚಾಪ್ಸು, ಕೈಮಾ ಉಂಡೆಯ ಸಾರೂ ಸಾಲುಸಾಲಾಗಿ ಹೊರಟು ಬಂದದ್ದು ಮಾತ್ರ ನಿಜ. ಮದುವೆಗೆ ಮೊದಲೇ, ಗಂಡ ಫೋನಿಟ್ಟ ಕಾಲು ಗಂಟೆಗೇ ಆಕೆ ಸಣ್ಣಯ್ಯನಿಗೆ ಫೋನು ಮಾಡಿ, ಅವರು ಹೇಳಿದ್ದು ಇದ್ದರೆ ಇರಲಿ, ಬಣ್ಣ ಗಿಣ್ಣ ಬಿಟ್ಟು ಬೀಗರೆಲ್ಲರಿಗೂ ಬಾಡು ಮಾಡು ಎಂದಿದ್ದರಂತೆ. ತಾನೂ ಹಾಗೇ ಅಂದುಕೊಂಡಿದ್ದೆ, ಕಾಲ ಎಷ್ಟು ಕೆಟ್ಟರೂ ನರಸೀಪುರದವರು ಇಷ್ಟು ಕೆಡಲಾರರು ಎಂದಿದ್ದನಂತೆ ಸಣ್ಣಯ್ಯ. ಮೊದಲ ಸುತ್ತಿನಲ್ಲೇ ಬಾಡು ಹೊರಡಬೇಕಿತ್ತು. ಶಿವಪ್ರಕಾಶರ ಪಾಠ ಕಲಿತ ಬಡಿಸುವವರು ಹಸಿರು ಕಾಗದ ಕಂಡು ಪಲ್ಯದ ಬಕೆಟ್ಟು ಹಿಡಿದು ಓಡಿದ್ದರು, ಅಷ್ಟೇ.

ಚಿಕ್ಕಬಸವಯ್ಯ ಒಬ್ಬಟ್ಟಿನ ಚೂರನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟರು. ನೂರ ನಲವತ್ತೊಂದು ಜನರೂ ಹಾಗೆಯೇ ಮಾಡಿದರು. ಆಮೇಲೆ ಮುದುಕರು ಎದ್ದು ನಿಂತು ಶಿವಪ್ರಕಾಶರ ಭುಜ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಮಗಳಿಗೋಸ್ಕರ ಒಂದು ವರ್ಷ ಬಾಡು ಬುಟ್ಟವ್ರೆ ಅಂದ್ರೆ ಹುಡುಗಾಟ್ವಾ? ಮಡದಿ ಮಕ್ಕಳನ್ನ ಬೇಕಾದ್ರೆ ಬುಡಬೋದು. ಎಂಥ ತಂದೆ ಮಗಳು ಕಣ್ರಲಾ ನಮ್ಮನೆಗೆ ಬಂದಿರೋಳು."

ಛತ್ರದಲ್ಲೆಲ್ಲ ಮೆಚ್ಚುಗೆಯ ಗುಜುಗುಜು ಎದ್ದಿತು. ಬಿಂದು ತಲೆಯೆತ್ತಿ ಅಪ್ಪನನ್ನು ನೋಡಿದಳು. ಆ ನೋಟದಲ್ಲಿದ್ದ ಹೆಮ್ಮೆಯನ್ನು ಶಿವಪ್ರಕಾಶರು ಕಂಡರು. ನಿಜ ಹೇಳಲು ಅದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದಿರಲಿಲ್ಲ. ಚಿಕ್ಕಬಸವಯ್ಯನವರು ತಾವೇ ಕೈ ಹಿಡಿದು ಅವರನ್ನು ಸೂಪರಿಂಟೆಂಡೆಂಟ್ ಸಿದ್ದಲಿಂಗಸ್ವಾಮಿಯವರ ಪಕ್ಕದ ಎಲೆಗೆ ಕೂರಿಸಿದರು. ಕೈಮಾ ಉಂಡೆಯ ಬಕೆಟ್ಟು ಮೂರು ಸಲ ಅವರ ಬೆನ್ನ ಹಿಂದೆ ಹಾದು ಹೋಯಿತು. ಸೂಪರಿಂಟೆಂಡೆಂಟರು ಸಂತೋಷದಿಂದ, ಇನ್ನು ಕಚೇರಿಯಲ್ಲಿ ದಿನವೂ ಇಬ್ಬರೂ ಒಟ್ಟಿಗೆ ಡಬ್ಬಿ ತೆರೆದು ಊಟ ಮಾಡೋಣ ಎಂದರು.

ಬೀಗರನ್ನು ಬಸ್ಸು ಹತ್ತಿಸಿದ ಮೇಲೆ ಶಿವಪ್ರಕಾಶರು ಹೆಂಡತಿಯನ್ನು ಪಾತ್ರೆಗಳ ಹಿಂದಕ್ಕೆ ಕರೆದು, ಒಂದು ವಾರ ಅಂದಿದ್ದರೆ ಸಾಕಿತ್ತಲ್ಲ, ವರ್ಷ ಯಾಕೆ ಹೇಳಿದೆ ಎಂದು ನೊಂದು ಕೇಳಿದರು.

"ನೂರ ನಲವತ್ತೆರಡು ಎಲೆಗೆ ತಿಳಿಸಾರು ಹಾಕ್ಸಿದ್ದೀರಿ. ಒಂದು ವಾರಕ್ಕೆ ಹೆಂಗ್ರೀ ಸರಿಹೋಗುತ್ತೆ?" ಎಂದರು ಕುಸುಮಮ್ಮ.

ಅಂದು ಸಂಜೆಯೇ ಶಿವಪ್ರಕಾಶರು ‘.ಊಟ’ ಎಂಬ ಬಾಲವನ್ನು ಕಂಪ್ಯೂಟರಿನಿಂದ ಕಿತ್ತು ಹಾಕಿದರು. ಹರಕೆಯನ್ನು ಕಿತ್ತು ಹಾಕುವ ದಾರಿ ಯಾವ ಮೆನುವಿನಲ್ಲೂ ಇರಲಿಲ್ಲ. ನಾಲ್ಕೇ ದಿನದಲ್ಲಿ ಸುದ್ದಿ ಸಣ್ಣಯ್ಯನ ಮೂಲಕ ಮಂಡಿ ಮೊಹಲ್ಲಾಕ್ಕೂ, ಸಿದ್ದಲಿಂಗಸ್ವಾಮಿಯವರ ಮೂಲಕ ಇಡೀ ಕಾಲೇಜಿಗೂ ಮುಟ್ಟಿತ್ತು. ಕದ್ದು ತಿನ್ನೋಣವೆಂದು ಒಂದು ಮಧ್ಯಾಹ್ನ ಮಿಲಿಟರಿ ಹೋಟೆಲೊಂದರ ಬಾಗಿಲವರೆಗೆ ಹೋದರೆ, ಗಲ್ಲಾದ ಮೇಲಿದ್ದವನೇ ಎದ್ದು ಕೈಮುಗಿದು, ದಾರಿ ತಪ್ಪಿ ಬಂದಿರಾ ಸ್ವಾಮಿ ಎಂದು ಕೇಳಿದ. ಅವನ ತಂಗಿಯನ್ನು ನರಸೀಪುರಕ್ಕೆ ಕೊಟ್ಟಿದ್ದರು.

ಎಂಟನೆಯ ದಿನ ಗಂಡಿನವರು ತಮ್ಮ ಊರಿನಲ್ಲಿ ಮರು ಬೀಗರೂಟ ಹಾಕಿಸಿದರು. ಶಿವಪ್ರಕಾಶರಿಗೆಂದೇ ಬೇರೆ ಒಲೆ, ಹೊಸ ಮಡಕೆ, ಬೇರೆ ಸೌಟು. ಹರಕೆ ಹೊತ್ತ ಬೀಗರಿಗೆ ಅಪಚಾರವಾಗದಂತೆ ಚಿಕ್ಕಬಸವಯ್ಯನವರೇ ಅವರ ಪಕ್ಕದಲ್ಲಿ ಕಾವಲು ಕುಳಿತರು. ಬಿಂದು ಅತ್ತೆಯ ಜೊತೆ ನಗುನಗುತ್ತ ಓಡಾಡುತ್ತಿದ್ದಳು. ಆ ಸಮಾಧಾನದಲ್ಲಿ ಶಿವಪ್ರಕಾಶರು ಹೇಗೋ ಪಲ್ಯ ನುಂಗುತ್ತಿದ್ದರು. ಅಷ್ಟರಲ್ಲಿ ವಿಷಯ ತಿಳಿಯದ ಬಡಿಸುವವನೊಬ್ಬ ಒಂದು ಸೌಟು ಚಾಪ್ಸನ್ನು ಅವರ ಎಲೆಯ ಮೇಲಕ್ಕೆ ತಂದ. ಶಿವಪ್ರಕಾಶರು ಕಾಣದವರಂತೆ ಬೇರೆ ಕಡೆ ನೋಡಿದರು. ಸೌಟು ಓರೆಯಾಗುವ ಹೊತ್ತಿಗೆ ಚಿಕ್ಕಬಸವಯ್ಯನವರ ಅಂಗೈ ಎಲೆಗೆ ಅಡ್ಡ ಬಂತು. ಅದು ಅವರಿಗಲ್ಲ, ಆ ತಾಯಿಗೆ ಹಾಕು ಎಂದು ಅವರು ಎದುರಿಗಿದ್ದ ಕುಸುಮಮ್ಮನ ಎಲೆಯನ್ನು ತೋರಿಸಿದರು.

ಕುಸುಮಮ್ಮ ನಲ್ಲಿ ಮೂಳೆಯನ್ನು ಬಾಯಿಂದ ತೆಗೆದರು, ತಲೆ ಮಾತ್ರ ಎತ್ತಲಿಲ್ಲ.

"ಅವ್ರಿಗೆ ಇನ್ನೊಂದು ಸೌಟು ಪಲ್ಯ ಹಾಕಪ್ಪ," ಎಂದರು. "ಬೇಕು ಅಂತ ಕೇಳಕ್ಕೆ ನಾಚ್ಕೋತಾರೆ."